ಕಾಮರ್ಸ್ ಓದಿದ ಹಕ್ಕಿ ವಿಜ್ಞಾನಿ

ಸಲೀಂ ಅಲಿಯವರು 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡರು, ಸೋದರಮಾವ ಸಾಕಿದರು. ಓದಿದ್ದು ವಾಣಿಜ್ಯ ಕಾನೂನು, ಅಕೌಂಟೆನ್ಸಿ. ಹೌದು, ನಮ್ಮ ಕಾಮರ್ಸೇ! ಮನಸ್ಸು ಮಾತ್ರ ಹಕ್ಕಿಗಳ ಮೇಲೆ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಹಿಮಾಲಯದ ಹಕ್ಕಿಗಳ ನೆಂಟರು ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವುದು ಹೇಗೆ? ಸಾತ್ಪುರ ಬೆಟ್ಟಸಾಲಿನ ದಾರಿಯಾಗಿ ಬಂದಿರಬೇಕು ಎಂದು 1949ರಲ್ಲಿ ಬರೆದರು. 1987ರಲ್ಲಿ ತೀರಿಕೊಂಡರು.

ಈ ನೆಂಟಸ್ತಿಕೆಯನ್ನು ಈಗ ಡಿಎನ್‌ಎಯಿಂದ ಹುಡುಕುತ್ತಾರೆ. ಕಂಪ್ಯೂಟರಿನಲ್ಲಿ ವಂಶವೃಕ್ಷ ಬರೆದು, ಕೊಂಬೆಗಳಿಗೆ ರೆಕ್ಕೆಯ ಅಳತೆ, ಮೈಬಣ್ಣದ ಮಾಹಿತಿ ಸೇರಿಸಿ ನೋಡುತ್ತಾರೆ. ನಮ್ಮ ಬಾಬಾಬುಡನ್‌ಗಿರಿಯ ಶೋಲಾ ಕಾಡಿನ ನೀಲಿ ಹಕ್ಕಿಯನ್ನು ಮೊದಲು ಹಿಮಾಲಯದ ಗಿಡ್ಡರೆಕ್ಕೆ ಹಕ್ಕಿಗಳ ಜೊತೆ ಸೇರಿಸಿದ್ದರು. ವೃಕ್ಷದಲ್ಲಿ ಅದು ಬೇರೆಯೇ ಕೊಂಬೆಯಲ್ಲಿ ಸಿಕ್ಕಿತು. 2017ರಲ್ಲಿ ಅದರ ಕುಲಕ್ಕೆ ಶೋಲಿಕೋಲ ಎಂದು ಹೊಸ ಹೆಸರಿಟ್ಟರು.