ಸಿ. ವಿ. ರಾಮನ್ ಅವರ ದೃಷ್ಟಿ ಸಂಶೋಧನೆ

ಸರ್ ಚಂದ್ರಶೇಖರ ವೆಂಕಟರಾಮನ್ (ನವೆಂಬರ್ 7, 1888 – ನವೆಂಬರ್ 21, 1970) ಬೆಳಕಿನ ಚದುರುವಿಕೆಯ ಅಧ್ಯಯನಕ್ಕಾಗಿ 1930ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಭಾರತೀಯ ವಿಜ್ಞಾನಿ. ಜೀವನದ ಕೊನೆಯ ದಶಕದಲ್ಲಿ ಅವರು ಬೆಳಕನ್ನು ಕಾಣುವ ಕಣ್ಣನ್ನೇ ಅಧ್ಯಯನದ ವಸ್ತುವಾಗಿಸಿಕೊಂಡರು. ಶಾಲಾ ಪಠ್ಯಗಳಲ್ಲಿ ಈ ಭಾಗಕ್ಕೆ ಸಿಗುವ ಸ್ಥಳ ಅತ್ಯಲ್ಪ.

ಜೀವನ

ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ತೆರಳಿದರು. ಕಚೇರಿಯ ವೇಳೆಯ ಹೊರಗೆ ಸಂಶೋಧನೆ ನಡೆಸುತ್ತಿದ್ದ ಅವರು 1917ರಲ್ಲಿ ಪ್ರಾಧ್ಯಾಪಕರಾದರು. 1921ರ ಸಮುದ್ರಯಾನದಲ್ಲಿ ಕಂಡ ಕಡಲಿನ ನೀಲಿಯಿಂದ ಮೊದಲಾದ ವಿಚಾರ, 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದಲ್ಲಿ ಫಲಿಸಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದವರು ಮುಂದೆ ಬೆಂಗಳೂರಿನಲ್ಲಿಯೇ ನೆಲೆಸಿದರು.

ಕಣ್ಣು ಮತ್ತು ಬಣ್ಣ

ಎಪ್ಪತ್ತು ದಾಟಿದ ರಾಮನ್ ಹೂವುಗಳ ಬಣ್ಣ, ಮಂದ ಬೆಳಕಿನಲ್ಲಿ ವರ್ಣಗಳು ಮಾಸುವ ಬಗೆ ಮೊದಲಾದವನ್ನು ಪರಿಶೀಲಿಸಿದರು. ಪ್ರಖರವಾಗಿ ಬೆಳಗಿದ ಪರದೆಯನ್ನು ಬಣ್ಣದ ಶೋಧಕದ ಮೂಲಕ ದಿಟ್ಟಿಸಿ, ಅದನ್ನು ಥಟ್ಟನೆ ತೆಗೆದಾಗ ತಮ್ಮದೇ ಅಕ್ಷಿಪಟಲದ ಮಧ್ಯಭಾಗದ ಚಿತ್ರ ಪರದೆಯ ಮೇಲೆ ಮೂಡಿದಂತೆ ಕಾಣುವುದನ್ನು ಗುರುತಿಸಿದರು. ದುಬಾರಿ ಉಪಕರಣಗಳ ಅಗತ್ಯವಿಲ್ಲದ ಪ್ರಯೋಗವಿದು. ಮೂರು ಮೂಲವರ್ಣಗಳ ಸಿದ್ಧಾಂತವನ್ನು ನಿರಾಕರಿಸಿ, ತಮ್ಮ ವಾದವನ್ನು 1968ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ವಿಜ್ಞಾನಲೋಕ ಅದನ್ನು ಒಪ್ಪಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಜಾರ್ಜ್ ವಾಲ್ಡ್ ಮತ್ತಿಬ್ಬರು ಕಣ್ಣಿನ ಕುರಿತ ಸಂಶೋಧನೆಗಾಗಿ ನೊಬೆಲ್ ಪಡೆದಿದ್ದರು. ಅಂಗೀಕೃತ ವಿವರಣೆಯಂತೆ, ಕತ್ತಲಲ್ಲಿ ಕೆಲಸ ಮಾಡುವುದು ಅಕ್ಷಿಪಟಲದ ದಂಡಕೋಶಗಳು. ಅವುಗಳಲ್ಲಿರುವ ರೊಡಾಪ್ಸಿನ್ ಸುಮಾರು 500 ನ್ಯಾನೋಮೀಟರ್ ತರಂಗಾಂತರದ ನೀಲಿ-ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಗಾಢ ಕೆಂಪಿಗೆ ಬಹುಮಟ್ಟಿಗೆ ಸ್ಪಂದಿಸುವುದಿಲ್ಲ. ಪ್ರಖರ ಬೆಳಕಿನಲ್ಲಿ ಅದು ವಿಘಟನೆಗೊಂಡರೆ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರು ರಾತ್ರಿ ಹಾರಾಟಕ್ಕೆ ಮುನ್ನ ಕೆಂಪು ಕನ್ನಡಕ ಧರಿಸುತ್ತಿದ್ದುದು, ಕೆಲವು ಮೋಟಾರುಗಳ ಡ್ಯಾಶ್‌ಬೋರ್ಡಿಗೆ ಕೆಂಪು ದೀಪ ಬಂದದ್ದು ಇದೇ ಕಾರಣದಿಂದ. ಬೆಂಗಳೂರಿನಿಂದ ಗೌರಿಬಿದನೂರಿಗೆ ರಾತ್ರಿ ಬಸ್ಸು ನಡೆಸುವವರಿಗೆ ದೀಪದ ಬಣ್ಣಕ್ಕಿಂತಲೂ ಅದು ಎಷ್ಟು ಮಂದವಾಗಿದೆ ಎಂಬುದು ಹೆಚ್ಚು ಮುಖ್ಯ. ಎದುರಿನ ವಾಹನದ ಬಿಳಿ ದೀಪ ಕಣ್ಣಿಗೆ ಹೊಡೆದರೆ ಡ್ಯಾಶ್‌ಬೋರ್ಡಿನ ಕೆಂಪು ಉಳಿಸಿಕೊಟ್ಟ ಲಾಭವೂ ಹೋಗುತ್ತದೆ.

ರಾಮನ್ ತಮ್ಮ ನಿಲುವನ್ನು ಬದಲಿಸಲಿಲ್ಲ. ಅವರ ತೀರ್ಮಾನಗಳು ನಿಲ್ಲದಿದ್ದರೂ, ತನ್ನ ಕಣ್ಣನ್ನೇ ಪ್ರಯೋಗಶಾಲೆಯಾಗಿಸಿಕೊಂಡ ಅವರ ಕ್ರಮ ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ನಿಧನ

1970ರ ನವೆಂಬರ್ 21ರಂದು ನಿಧನರಾದ ಅವರ ಅಂತ್ಯಕ್ರಿಯೆ, ತಾವೇ 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯ ತೋಟದಲ್ಲಿ ನೆರವೇರಿತು.