ಮೇಜು ಯಾರ ಮನೆಯ ಶಬ್ದ? - ಕಿಟ್ಟೆಲ್ ಎಂಬ ನಿಘಂಟುಕಾರರ ನೆನಪು



ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಮೊನ್ನೆ 9 ವರ್ಷದ ಹುಡುಗನೊಬ್ಬ ನಮ್ಮನ್ನು ಚೆನ್ನಾಗಿ ಪೇಚಿಗೆ ಸಿಕ್ಕಿಸಿದ. ಪುಸ್ತಕ ಟೇಬಲಿನ ಮೇಲಿದೆ ಎಂದು ಅವನು ಬರೆದಿದ್ದ. ನಾವು ಕೆಂಪು ಶಾಯಿಯಲ್ಲಿ ಟೇಬಲ್ ಹೊಡೆದುಹಾಕಿ ಮೇಜು ಎಂದು ತಿದ್ದಿದೆವು. ಟೇಬಲ್ ಇಂಗ್ಲಿಷ್ ಆದರೆ ಮೇಜು ಯಾವ ಭಾಷೆ ಎಂದು ಕೇಳಿದ. ಕನ್ನಡ ಎಂದು ಧೈರ್ಯವಾಗಿ ಹೇಳಿಬಿಟ್ಟೆವು. ಮನೆಗೆ ಬಂದು ನಿಘಂಟು ತೆರೆದರೆ ಮೇಜು ಪರ್ಷಿಯನ್ನಿನಿಂದ ಹಿಂದೂಸ್ತಾನಿಯ ದಾರಿಯಾಗಿ ಬಂದ ಶಬ್ದ! ಪಕ್ಕದಲ್ಲಿರುವ ಕುರ್ಚಿಯ ಮೂಲ ಅರಬ್ಬಿ. ಪುಸ್ತಕ ಸಂಸ್ಕೃತದ್ದು. ಹಾಗಾದರೆ ಆ ವಾಕ್ಯದಲ್ಲಿ ಕನ್ನಡ ಎಲ್ಲಿದೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಮಗೆ ಮತ್ತೆ ಸಿಕ್ಕವರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್. ಅವರ ಹೆಸರು ಕೇಳದ ಕನ್ನಡಿಗರು ಕಡಿಮೆ. ಆದರೆ ದಪ್ಪ ನಿಘಂಟು ಬರೆದ ಪಾದ್ರಿ ಎಂಬುದಕ್ಕಿಂತ ಹೆಚ್ಚು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಉತ್ತರ ಜರ್ಮನಿಯ ಕಡಲ ಬದಿಯ ಪೂರ್ವ ಫ್ರೀಸಿಯಾ ಪ್ರಾಂತ್ಯದ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದ ಮಗ 1853ರಲ್ಲಿ, ಇನ್ನೂ 21ರ ಹರೆಯದಲ್ಲಿ, ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಅವರ ಕಾರ್ಯಕ್ಷೇತ್ರಗಳಾದವು. ಮನೆ ಬಿಟ್ಟು ಸಾವಿರಾರು ಮೈಲಿ ದೂರ ಬಂದು, ಬೇರೆಯವರ ಭಾಷೆ ಕಲಿತು ಬದುಕುವುದು ಎಂದರೇನು ಎಂಬುದು ನಮ್ಮಂಥ ಪರದೇಶವಾಸಿಗಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಮಗೆ ಫೋನು, ವಿಮಾನಗಳಿವೆ. ಅವರಿಗೆ ಇದ್ದದ್ದು ತಿಂಗಳುಗಟ್ಟಲೆ ಸಾಗುವ ಹಡಗು ಮಾತ್ರ.

ಅವರು ಬಂದ ಕಾಲವನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಮಂಗಳೂರಿನಲ್ಲಿ ಮೋಗ್ಲಿಂಗ್ ಅವರು ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿ ಹತ್ತೇ ವರ್ಷವಾಗಿತ್ತು. 1864ರಲ್ಲಿ ಬೆಂಗಳೂರಿಗೆ ಜೋಲಾರಪೇಟೆಯಿಂದ ರೈಲು ಬಂತು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾಯಿತು. ಕೋರ್ಟು, ಪೊಲೀಸು, ಶಾಲೆ, ಅಚ್ಚುಕೂಟ, ತಂತಿ ಎಲ್ಲವೂ ಒಂದೇ ತಲೆಮಾರಿನಲ್ಲಿ ಊರೂರಿಗೆ ಕಾಲಿಟ್ಟವು. ಒಂದೊಂದು ಹೊಸ ವಸ್ತುವಿಗೂ ಜನ ಏನೋ ಒಂದು ಹೆಸರು ಹಿಡಿಯಲೇಬೇಕಿತ್ತು.

ಕನ್ನಡ ಆಗ ಮೂರು ದಾರಿ ಹಿಡಿಯಿತು. ಒಂದು, ಹೊರಗಿನ ಶಬ್ದವನ್ನೇ ತಂದು ಕೊನೆಗೊಂದು ಉಕಾರ ಸೇರಿಸುವುದು. ರೈಲ್ ಹೋಗಿ ರೈಲು, ಕೋಟ್ ಹೋಗಿ ಕೋಟು. ಉಕಾರ ಬಂದ ಮೇಲೆ ರೈಲಿಗೆ, ರೈಲಿನಲ್ಲಿ, ರೈಲಿನಿಂದ ಎಂದು ನಮ್ಮ ವಿಭಕ್ತಿಗಳೆಲ್ಲ ಸಲೀಸು. ಎರಡು, ಮನೆಯಲ್ಲಿದ್ದ ಹಳೆಯ ಶಬ್ದಕ್ಕೆ ಹೊಸ ಕೆಲಸ ಕೊಡುವುದು. ಹೆಂಚು, ಅಚ್ಚು ಎರಡೂ ಹಳೆಯವೇ. ಕಾರ್ಖಾನೆ ಬಂದಾಗ ಮಂಗಳೂರು ಹೆಂಚಾಯಿತು, ಮುದ್ರಣ ಬಂದಾಗ ಅಚ್ಚುಕೂಟವಾಯಿತು. ಮೂರು, ಸಂಸ್ಕೃತದಿಂದ ಶಬ್ದ ತಂದು ಹೊಸ ಅರ್ಥದಲ್ಲಿ ನಿಲ್ಲಿಸುವುದು. ನಡತೆ ಎಂಬ ಅರ್ಥವೂ ಇದ್ದ ಸಮಾಚಾರ ಪತ್ರಿಕೆಯ ಹೆಸರಾದದ್ದು ಹೀಗೆ.

ಇದೇನೂ ಬ್ರಿಟಿಷರ ಕಾಲದಲ್ಲಿ ಶುರುವಾದದ್ದಲ್ಲ. ಬಿಜಾಪುರದ ಆದಿಲ್ ಶಾಹಿ, ಮರಾಠರ ಆಡಳಿತ, ಹೈದರ್-ಟಿಪ್ಪು ಕಾಲ ಇವುಗಳ ಕಚೇರಿಗಳಿಂದ ಅರ್ಜಿ, ವಕೀಲ, ಜಮೀನು, ತಾರೀಖು, ಸರ್ಕಾರ, ಕೊನೆಗೆ ರೈತ ಎಂಬ ಶಬ್ದವೂ ಬಂದವು. ಪೋರ್ಚುಗೀಸರ ಸಂಪರ್ಕದಿಂದ ಪಾದ್ರಿ, ಚಾವಿ, ಇಸ್ತ್ರಿ ಬಂದವು. ಅವರೇ ಅಮೆರಿಕಾ ಖಂಡದಿಂದ ತಂದ ಖಾರದ ಕಾಯಿಗೆ ಮಾತ್ರ ನಮ್ಮವರು ಅವರ ಹೆಸರು ತೆಗೆದುಕೊಳ್ಳಲಿಲ್ಲ. ಮನೆಯಲ್ಲಿದ್ದ ಮೆಣಸಿನ ಹೆಸರನ್ನೇ ಹಿಗ್ಗಿಸಿ ಮೆಣಸಿನಕಾಯಿ ಎಂದರು. ಪಾಪ, ಹಳೆಯ ಮೆಣಸು ತನ್ನ ಗುರುತಿಗೆ ಕರಿಮೆಣಸು, ಕಾಳುಮೆಣಸು ಎಂದು ಹೆಸರು ಉದ್ದ ಮಾಡಿಕೊಳ್ಳಬೇಕಾಯಿತು!

ಇಂಥ ಸಂತೆಯ ನಡುವೆ ಕುಳಿತು ಕಿಟ್ಟೆಲ್ ಶಬ್ದ ಕೂಡಿಹಾಕಿದರು. ಅವರು ಆಡುಮಾತಿಗಷ್ಟೇ ನಿಲ್ಲಲಿಲ್ಲ. 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಕಥಾಮಾಲೆ ಎಂದು ಬರೆದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಹೊರಗಿನ ಶಬ್ದ ಕನ್ನಡದ ಬಾಯಲ್ಲಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಕೇಶಿರಾಜ 13ನೇ ಶತಮಾನದಲ್ಲೇ ಒಂದು ಪ್ರಕರಣ ಮೀಸಲಿಟ್ಟಿದ್ದ. ಶ್ರೀ ಸಿರಿಯಾಗುವುದು, ಕಾರ್ಯ ಕಜ್ಜವಾಗುವುದು, ವಿದ್ಯೆ ಬಿಜ್ಜೆಯಾಗುವುದು ಇಂಥ ಬದಲಾವಣೆಗಳೇ. ಅದನ್ನು ಓದಿ ಅರಗಿಸಿಕೊಂಡವರಿಗೆ ರೈಲು, ಕೋಟುಗಳನ್ನು ನೋಡಿ ಗಾಬರಿಯಾಗುವ ಕಾರಣವಿರಲಿಲ್ಲ. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ ಎಂಬುದನ್ನೂ ಅವರು ಕಂಡರು. ಸಂಸ್ಕೃತದೊಳಗೆ ಸೇರಿಹೋದ ದ್ರಾವಿಡ ಶಬ್ದಗಳ ದೊಡ್ಡ ಪಟ್ಟಿಯನ್ನೇ ನಿಘಂಟಿನ ಮುನ್ನುಡಿಯಲ್ಲಿ ಕೊಟ್ಟಿದ್ದಾರೆ.

ದಾರಿ ಸುಗಮವಾಗಿರಲಿಲ್ಲ. ಧರ್ಮಪ್ರಚಾರಕ್ಕೆಂದು ಬಂದವರು ಜೈನ, ವೀರಶೈವ ಕಾವ್ಯಗಳಲ್ಲಿ ಮುಳುಗಿರುವುದು ಮಿಷನ್ನಿನಲ್ಲಿ ಎಲ್ಲರಿಗೂ ಹಿಡಿಸಿರಲಿಲ್ಲ. ಮೊದಲ ಹೆಂಡತಿ ಪೌಲೀನೆ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಆಕೆಯ ತಂಗಿಯನ್ನೇ ಮದುವೆಯಾದರು. 1877ರಲ್ಲಿ ಜರ್ಮನಿಗೆ ಮರಳಿದವರು ಕೆಲಸ ಮುಗಿಸಬೇಕೆಂದು 1883ರಲ್ಲಿ ಮತ್ತೆ ಬಂದರು. ಊರಿನ ಪಂಡಿತರನ್ನು, ಹಳ್ಳಿಯವರನ್ನು ಕೇಳಿ ಕೇಳಿ ಶಬ್ದ, ಗಾದೆಗಳನ್ನು ಬರೆದುಕೊಂಡರು. 1892ರಲ್ಲಿ ಕೊನೆಯ ಬಾರಿಗೆ ಕನ್ನಡನಾಡು ಬಿಟ್ಟರು.

ಸುಮಾರು ಎರಡು ದಶಕಗಳ ದುಡಿಮೆಯ ಫಲವಾಗಿ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂತು. ಸುಮಾರು 70,000 ಶಬ್ದಗಳು, 1,700ಕ್ಕೂ ಹೆಚ್ಚು ಪುಟಗಳು. ಬರೆದವರ ತಾಯಿನುಡಿ ಮಾತ್ರ ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ! 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಅವರ ವ್ಯಾಕರಣ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಅವರು ತೀರಿಕೊಂಡರು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆ ನಿಘಂಟನ್ನು ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಧಾರವಾಡದಲ್ಲಿ ಕಿಟ್ಟೆಲ್ ಹೆಸರಿನ ಕಾಲೇಜಿದೆ.

ಸಾಫ್ಟ್‌ವೇರ್ ಕೆಲಸದ ನಮಗೆ ಈ ನಿಘಂಟಿನಲ್ಲಿ ತುಂಬಾ ಹಿಡಿಸಿದ್ದು ಒಂದು ಶಿಸ್ತು. ಸಂಸ್ಕೃತ, ಹಿಂದೂಸ್ತಾನಿ, ಮರಾಠಿಯಿಂದ ಬಂದವು ಎಂದು ಕಂಡ ಶಬ್ದಗಳಿಗೆ ಕಿಟ್ಟೆಲ್ ಮೂಲದ ಗುರುತು ಹಾಕಿದರು. ಆದರೆ ಅವನ್ನು ಹೊರಗೆ ನಿಲ್ಲಿಸಲಿಲ್ಲ. ಅಚ್ಚಗನ್ನಡ ಶಬ್ದಗಳ ಸಾಲಿನಲ್ಲೇ, ಅಕಾರಾದಿಯ ಪ್ರಕಾರ, ಪಕ್ಕಪಕ್ಕದಲ್ಲಿ ಕೂರಿಸಿದರು. ಊಟದ ಪಂಕ್ತಿಯಲ್ಲಿ ನೆಂಟರನ್ನೂ ಮನೆಯವರನ್ನೂ ಒಟ್ಟಿಗೆ ಕೂರಿಸಿದ ಹಾಗೆ. ಹಾಗೆ ಬರೆದಿಡದೇ ಹೋಗಿದ್ದರೆ 19ನೇ ಶತಮಾನದ ಕನ್ನಡಿಗರ ಬಾಯಲ್ಲಿ ಏನೆಲ್ಲ ಇತ್ತು ಎಂಬುದು ಇಂದು ನಮಗೆ ಹೇಗೆ ತಿಳಿಯುತ್ತಿತ್ತು?

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಅವನ ವಾಕ್ಯದಲ್ಲಿ ಕನ್ನಡ ಎಲ್ಲಿದೆ? ಟೇಬಲ್ ಆದ ಮೇಲೆ ಬರುವ ಇನ ಎಂಬ ಪ್ರತ್ಯಯದಲ್ಲಿದೆ, ಮೇಲೆ ಎಂಬಲ್ಲಿದೆ, ಇದೆ ಎಂಬ ಕ್ರಿಯಾಪದದಲ್ಲಿದೆ. ನಾಮಪದಗಳು ಕಾಲಕಾಲಕ್ಕೆ ಬಂದು ಹೋಗುವ ನೆಂಟರು. ಆದಿಲ್ ಶಾಹಿ ಹೋಯಿತು, ಪೇಶ್ವೆಗಳು ಹೋದರು, ಬ್ರಿಟಿಷರೂ ಹೋದರು. ಅವರ ಶಬ್ದಗಳೆಲ್ಲ ನಮ್ಮ ವಿಭಕ್ತಿ ತೊಟ್ಟು ಇಲ್ಲೇ ಉಳಿದವು, ಕನ್ನಡವೂ ಉಳಿಯಿತು.

ಹಾಗೆಂದು ಚಿಂತೆಯೇ ಬೇಡ ಎಂದಲ್ಲ. ಪರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳ ಮಾತಿನಲ್ಲಿ ಜಾರುತ್ತಿರುವುದು ಮೇಜು, ಕುರ್ಚಿಗಳಲ್ಲ. ಅಜ್ಜಿ ಫೋನಿನಲ್ಲಿ ಕನ್ನಡದಲ್ಲಿ ಕೇಳಿದರೆ ಇಡೀ ಉತ್ತರ ಇಂಗ್ಲಿಷಿನಲ್ಲಿ ಬರುತ್ತದಲ್ಲ, ನಾವು ಹೆದರಬೇಕಾದದ್ದು ಅದಕ್ಕೆ. ಲ್ಯಾಪ್‌ಟಾಪಿನಲ್ಲಿ ಹೋಮ್‌ವರ್ಕ್ ಮಾಡ್ತಿದ್ದೀನಿ ಅಜ್ಜಿ ಎಂದು ಮಗು ಹೇಳಿದರೆ ಅದನ್ನು ತಡೆದು ತಿದ್ದುವ ಗೋಜಿಗೆ ಹೋಗಬೇಡಿ. ಆ ಮಗು ಕನ್ನಡದಲ್ಲೇ ಮಾತನಾಡುತ್ತಿದೆ.

ಮುಂದಿನ ಭಾನುವಾರ ನಾವು ಆ ಹುಡುಗನ ಪುಸ್ತಕ ವಾಪಸು ತೆಗೆದುಕೊಂಡು, ಕೆಂಪು ಗೆರೆಯ ಪಕ್ಕ ಒಂದು ಸರಿ ಗುರುತು ಹಾಕಿದೆವು. ಮೇಜು ಎಂಬ ಶಬ್ದವನ್ನೂ ಅದರ ಊರಿನ ಕಥೆಯನ್ನೂ ಹೇಳಿಕೊಟ್ಟೆವು. ಅವನು ಮನೆಗೆ ಹೋಗುವ ಮುನ್ನ ಕೇಳಿದ್ದು ಇಷ್ಟೇ: ಕಿಟಕಿ ಯಾವ ಊರಿಂದ ಬಂತು?