ಶ್ರೀಗ್ರಂಥದ ಅಂಕಿಗಳನ್ನು ಎಣಿಸಿ ನೋಡಿದ ಸಂತ ಜೆರೋಮರು

ಶುಕ್ರವಾರ ಮಧ್ಯಾಹ್ನ ಪ್ರಾಣಾರ್ಪಣೆ ಮಾಡಿದ ಯೇಸುಸ್ವಾಮಿ ಭಾನುವಾರ ಮುಂಜಾನೆಯೇ ಪುನರುತ್ಥಾನರಾದರೆ ಅದು ಮೂರು ದಿನ ಹೇಗಾಯಿತು? ಒಂದು ಪುಸ್ತಕದಲ್ಲಿ 23ನೆಯದಾಗಿರುವ ಕೀರ್ತನೆ ಇನ್ನೊಂದರಲ್ಲಿ 22ನೆಯದಾದುದೇಕೆ? ಒಬ್ಬ ಪ್ರವಾದಿಯ ಹೆಸರಿನಲ್ಲಿ ಹೇಳಿದ ಮಾತು ಆ ಪ್ರವಾದಿಯ ಗ್ರಂಥದಲ್ಲಿ ಸಿಗದೇಕೆ? ಸಂಜೆಯ ಪ್ರಾರ್ಥನೆಯ ತರುವಾಯ ಶ್ರೀಗ್ರಂಥ ಓದುವ ಕುಟುಂಬಗಳಲ್ಲಿ ಇಂತಹ ಪ್ರಶ್ನೆಗಳು ಏಳುವುದು ಸಹಜ. ಮಂಚೇನಹಳ್ಳಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಕನ್ನಡ, ತೆಲುಗುಗಳೆರಡೂ ಬಳಕೆಯಲ್ಲಿವೆ. ಎರಡು ಭಾಷೆಯ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವವರಿಗೆ ಸಂದೇಹಗಳು ಇನ್ನೂ ಹೆಚ್ಚು. ಮಕ್ಕಳು ಹೀಗೆ ಕೇಳಿದಾಗ ವಿಶ್ವಾಸದ ಕೊರತೆಯೆಂದು ಗದರಿ ಸುಮ್ಮನಾಗಿಸುವ ಹಿರಿಯರುಂಟು. ಆದರೆ ಇಂತಹ ಪ್ರಶ್ನೆಗಳಲ್ಲೇ ಬಾಳು ಸವೆಸಿದವರೊಬ್ಬರನ್ನು ಧರ್ಮಸಭೆ ಸಂತರೆಂದೂ ಧರ್ಮಪಂಡಿತರೆಂದೂ ಗೌರವಿಸುತ್ತದೆ. ಅವರೇ ಸಂತ ಜೆರೋಮರು.

ಸುಮಾರು ಕ್ರಿ.ಶ. 347ರಲ್ಲಿ, ದಾಲ್ಮೇಷಿಯ ಪ್ರಾಂತ್ಯದ ಗಡಿಯಲ್ಲಿದ್ದ ಸ್ಟ್ರಿಡೋನ್ ಎಂಬ ಊರಿನಲ್ಲಿ ಜೆರೋಮರು ಜನಿಸಿದರು. ರೋಮ್ ನಗರದಲ್ಲಿ ವ್ಯಾಕರಣ, ಸಾಹಿತ್ಯಗಳನ್ನು ಕಲಿತು ಅಲ್ಲಿಯೇ ದೀಕ್ಷಾಸ್ನಾನ ಪಡೆದರು. ಮುಂದೆ ಸಿರಿಯಾ ದೇಶದ ಕಾಲ್ಸಿಸ್ ಮರುಭೂಮಿಯಲ್ಲಿ ತಪೋಜೀವನ ನಡೆಸಿದರು. ಅಲೆಯುವ ಮನಸ್ಸನ್ನು ಹಿಡಿದು ನಿಲ್ಲಿಸಲೆಂದು, ಕ್ರೈಸ್ತಮತವನ್ನು ಸ್ವೀಕರಿಸಿದ್ದ ಒಬ್ಬ ಯೆಹೂದ್ಯರ ಬಳಿ ಹಿಬ್ರೂ ಭಾಷೆಯ ಅಭ್ಯಾಸಕ್ಕೆ ತೊಡಗಿದರು. ಎಷ್ಟೋ ಸಲ ಬೇಸತ್ತು ಕೈಬಿಟ್ಟು, ಮತ್ತೆ ಹಿಡಿದು ಸಾಧಿಸಿದ ಆ ವಿದ್ಯೆಯೇ ಮುಂದೆ ಅವರ ಬಾಳಿನ ದಿಕ್ಕನ್ನು ನಿರ್ಣಯಿಸಿತು.

ಅಂತಿಯೋಕ್ಯದಲ್ಲಿ ಗುರುದೀಕ್ಷೆ ಪಡೆದ ಅವರು 382ರಲ್ಲಿ ರೋಮ್‌ಗೆ ಮರಳಿ ಪೋಪ್ ದಮಾಸಸ್ ಅವರ ಸಹಾಯಕರಾದರು. ಆಗ ಶುಭಸಂದೇಶಗಳ ಲತೀನ್ ಪ್ರತಿಗಳು ಒಂದರಂತೆ ಒಂದಿರಲಿಲ್ಲ. ನಕಲು ಮಾಡುವವರ ಕೈತಪ್ಪಿನಿಂದ ಅಂಕಿಗಳೂ ಹೆಸರುಗಳೂ ಕೆಟ್ಟಿದ್ದವು. ಪೋಪರ ಅಪ್ಪಣೆಯಂತೆ ಜೆರೋಮರು ಹಳೆಯ ಗ್ರೀಕ್ ಪ್ರತಿಗಳೊಡನೆ ಹೋಲಿಸಿ ನಾಲ್ಕು ಶುಭಸಂದೇಶಗಳನ್ನೂ ತಿದ್ದಿದರು. ಒಂದೇ ಪ್ರಸಂಗ ನಾಲ್ವರಲ್ಲಿ ಎಲ್ಲೆಲ್ಲಿ ಬರುತ್ತದೆಂದು ಸಂಖ್ಯೆಗಳ ಮೂಲಕ ತೋರಿಸುವ ಯುಸೇಬಿಯಸರ ಹತ್ತು ಪಟ್ಟಿಗಳನ್ನೂ ಅದರೊಡನೆ ಸೇರಿಸಿದರು. ಇಂದು ಶ್ರೀಗ್ರಂಥದ ಅಂಚಿನಲ್ಲಿ ಕಾಣುವ ಉಲ್ಲೇಖಗಳಿಗೆ ಅವೇ ಹಿರಿಯಜ್ಜ.

384ರಲ್ಲಿ ಪೋಪರು ತೀರಿಕೊಂಡರು. ಪರಿಚಿತ ಪಾಠವನ್ನು ಮುಟ್ಟಿದ್ದಕ್ಕಾಗಿಯೂ, ಯಾರನ್ನೂ ಬಿಡದ ತಮ್ಮ ಮೊನಚು ಮಾತಿಗಾಗಿಯೂ ಜೆರೋಮರು ಹಲವರ ದ್ವೇಷ ಕಟ್ಟಿಕೊಂಡಿದ್ದರು. 385ರಲ್ಲಿ ರೋಮ್ ಬಿಟ್ಟು ಮರುವರ್ಷ ಬೆತ್ಲೆಹೇಮ್‌ನಲ್ಲಿ ನೆಲೆಸಿದರು. ಸಿರಿವಂತ ವಿಧವೆ ಸಂತ ಪೌಲಾ ತಮ್ಮ ಸಂಪತ್ತಿನಿಂದ ಅಲ್ಲಿ ಮಠಗಳನ್ನು ಕಟ್ಟಿಸಿದರು. ಅಲ್ಲಿ ಸುಮಾರು ಹದಿನೈದು ವರ್ಷ ದುಡಿದು, ಹಳೆಯ ಒಡಂಬಡಿಕೆಯನ್ನು ಹಿಬ್ರೂ ಮೂಲದಿಂದ ಲತೀನಿಗೆ ತಂದರು.

ಆ ಕಾಲದಲ್ಲಿ ಧರ್ಮಸಭೆಗಳಲ್ಲೆಲ್ಲ ಚರ್ಚೆಯಾಗುತ್ತಿದ್ದ ಒಂದು ಲೆಕ್ಕವಿತ್ತು. ಗ್ರೀಕ್ ಪ್ರತಿಗಳ ಪ್ರಕಾರ ಮೆತೂಷೆಲನಿಗೆ 167ನೆಯ ವರ್ಷದಲ್ಲಿ ಲೆಮೆಕನೂ, ಲೆಮೆಕನಿಗೆ 188ನೆಯ ವರ್ಷದಲ್ಲಿ ನೋವನೂ ಹುಟ್ಟಿದರು. ಜಲಪ್ರಳಯವಾದಾಗ ನೋವನಿಗೆ 600 ವರ್ಷ. ಕೂಡಿದರೆ 955. ಆದರೆ ಮೆತೂಷೆಲ ಬದುಕಿದ್ದು 969 ವರ್ಷ. ನಾವೆಯನ್ನು ಹತ್ತದೆಯೇ ಪ್ರಳಯದ ಬಳಿಕ 14 ವರ್ಷ ಬದುಕಿದ್ದು ಹೇಗೆ? ಜೆರೋಮರು ಹಿಬ್ರೂ ಪಾಠವನ್ನು ತೆರೆದು ನೋಡಿದರು. ಅಲ್ಲಿ 187, 182 ಮತ್ತು 600. ಒಟ್ಟು ಸರಿಯಾಗಿ 969. ಮೆತೂಷೆಲ ತೀರಿಕೊಂಡದ್ದು ಪ್ರಳಯದ ವರ್ಷದಲ್ಲೇ. ದೋಷವಿದ್ದದ್ದು ಗ್ರೀಕ್ ಪ್ರತಿಗಳ ಅಂಕಿಗಳಲ್ಲಿ ಎಂದು ಅವರು ತೀರ್ಮಾನಿಸಿದರು.

ಪ್ರವಾದಿ ಯೋನನು ಮೀನಿನ ಹೊಟ್ಟೆಯಲ್ಲಿದ್ದಂತೆ ಮೂರು ಹಗಲು ಮೂರು ರಾತ್ರಿ ಎಂಬ ಪ್ರಭುವಿನ ಮಾತಿಗೆ, ದಿನದ ಒಂದು ಭಾಗವನ್ನೂ ಪೂರ್ಣ ದಿನವೆಂದು ಎಣಿಸುವ ರೂಢಿಯೇ ಉತ್ತರವೆಂದು ಅವರು ವಿವರಿಸಿದರು. ವಾರಕ್ಕೆ ಎಂಟು ದಿನವೆಂದೂ ಎರಡು ವಾರಕ್ಕೆ ಹದಿನೈದು ದಿನವೆಂದೂ ಹೇಳುವ ಕನ್ನಡಿಗರಿಗೆ, ಆರಂಭದ ದಿನವನ್ನೂ ಸೇರಿಸುವ ಇಂತಹ ಎಣಿಕೆ ಹೊಸದಲ್ಲ. ಪುನರುತ್ಥಾನರಾದ ಪ್ರಭು ಎಂಟು ದಿನಗಳ ನಂತರ ತೋಮನಿಗೆ ದರ್ಶನವಿತ್ತದ್ದೂ ಮುಂದಿನ ಭಾನುವಾರವೇ.

ಉಲ್ಲೇಖಗಳ ವಿಷಯದಲ್ಲೂ ಅವರು ಕಣ್ಣುಮುಚ್ಚಿಕೊಳ್ಳಲಿಲ್ಲ. ಮಾರ್ಕರು ಯೆಶಾಯನ ಹೆಸರಿನಲ್ಲಿ ಕೊಟ್ಟ ಮಾತಿನ ಮೊದಲ ಭಾಗ ಮಲಾಕಿಯದು. ಮೂವತ್ತು ಬೆಳ್ಳಿ ನಾಣ್ಯಗಳ ಕುರಿತು ಮತ್ತಾಯರು ಯೆರೆಮೀಯನ ಹೆಸರಿನಲ್ಲಿ ಕೊಟ್ಟದ್ದಕ್ಕೆ ಹತ್ತಿರವಾದ ಮಾತು ಸಿಗುವುದು ಜೆಕರ್ಯನಲ್ಲಿ. ವಿರೋಧಿಗಳು ಇದನ್ನೇ ಹಿಡಿದು ಹಂಗಿಸುತ್ತಿದ್ದರೂ ಜೆರೋಮರು ಸಂಗತಿಯನ್ನು ಮುಚ್ಚಿಡದೆ, ಶುಭಸಂದೇಶಕಾರರು ಅಕ್ಷರಕ್ಕಿಂತ ಅರ್ಥವನ್ನು ತಿಳಿಸಹೊರಟವರೆಂದು ವಾದಿಸಿದರು. ಆಗ ಅಧ್ಯಾಯ, ವಚನಗಳ ಸಂಖ್ಯೆಗಳೇ ಇರಲಿಲ್ಲವೆಂಬುದನ್ನು ನಾವು ನೆನೆಯಬೇಕು. ಇಂದಿನ ಅಧ್ಯಾಯ ವಿಭಜನೆ 13ನೆಯ ಶತಮಾನದ್ದು. ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳು 1551ರವು. ಕೀರ್ತನೆಗಳ ಗೊಂದಲದ ಕಾರಣವೂ ಸರಳ. ಹಿಬ್ರೂವಿನ 9 ಮತ್ತು 10ನೆಯ ಕೀರ್ತನೆಗಳು ಗ್ರೀಕ್ ಹಾಗೂ ಲತೀನಿನಲ್ಲಿ ಒಂದಾಗಿರುವುದರಿಂದ ಮುಂದಿನ ಹೆಚ್ಚಿನವುಗಳ ಸಂಖ್ಯೆ ಒಂದು ಕಡಿಮೆ. ಆದರೂ ಒಟ್ಟು ಎರಡರಲ್ಲೂ 150.

ಈ ಪ್ರಾಮಾಣಿಕತೆಗೆ ಅವರು ಬೆಲೆ ತೆತ್ತರು. ಯೋನನ ಗ್ರಂಥದಲ್ಲಿ ಜನರು ಕೇಳಿ ರೂಢಿಯಾಗಿದ್ದ ಸೋರೆಬಳ್ಳಿಯ ಬದಲಿಗೆ ಅವರು ಬೇರೊಂದು ಬಳ್ಳಿಯ ಹೆಸರು ಬರೆದಿದ್ದರು. ಇಂದು ಲಿಬಿಯಾದ ಟ್ರಿಪೋಲಿಯಾಗಿರುವ ಊರಿನ ದೇವಾಲಯದಲ್ಲಿ ಅದನ್ನು ಓದಿದಾಗ ಗದ್ದಲವೆದ್ದು, ಅಲ್ಲಿಯ ಮೇತ್ರಾಣಿ ತಮ್ಮ ಜನರನ್ನೇ ಕಳೆದುಕೊಳ್ಳುವ ಸ್ಥಿತಿ ಬಂದಿತೆಂದು ಸಂತ ಅಗಸ್ಟೀನರು ಅವರಿಗೆ ಪತ್ರ ಬರೆದರು. ಜೆರೋಮರು ಹಿಂಜರಿಯಲಿಲ್ಲ.

ಹಾಗೆಂದು ಅವರು ಪುಸ್ತಕದಲ್ಲೇ ಮುಳುಗಿದವರೂ ಅಲ್ಲ. 410ರಲ್ಲಿ ರೋಮ್ ಸೂರೆಯಾಗಿ ನಿರಾಶ್ರಿತರು ಬೆತ್ಲೆಹೇಮ್‌ಗೆ ಬಂದಾಗ, ವ್ಯಾಖ್ಯಾನವನ್ನು ಬದಿಗಿಟ್ಟು ಅವರ ಉಪಚಾರಕ್ಕೆ ನಿಂತರು. 420ರ ಸೆಪ್ಟೆಂಬರ್ 30ರಂದು ಅಲ್ಲಿಯೇ ದೈವಾಧೀನರಾದರು. ಅವರ ಹೆಸರಿನೊಡನೆ ಬೆಸೆದ ಲತೀನ್ ಶ್ರೀಗ್ರಂಥವನ್ನು ಟ್ರೆಂಟ್ ಮಹಾಸಭೆ 1546ರಲ್ಲಿ ಅಧಿಕೃತವೆಂದು ಸಾರಿತು. 2019ರ ಸೆಪ್ಟೆಂಬರ್ 30ರಂದು, ಅವರ ಹಬ್ಬದ ದಿನವೇ, ಪೋಪ್ ಫ್ರಾನ್ಸಿಸ್ ಅವರು ದೇವರ ವಾಕ್ಯದ ಭಾನುವಾರವನ್ನು ಸ್ಥಾಪಿಸಿದರು.

ಮನೆಯ ಮಗುವೊಂದು ಶ್ರೀಗ್ರಂಥದ ಅಂಕಿ ಕೂಡುವುದಿಲ್ಲವೆಂದಾಗ ಹಿರಿಯರು ಸಿಡುಕಬೇಕಾಗಿಲ್ಲ. ಮಗುವಿನೊಡನೆ ಕುಳಿತು ಮತ್ತೊಮ್ಮೆ ಕೂಡಿ ನೋಡಲಿ. ತಿಳಿಯದಿದ್ದರೆ ಬಲ್ಲ ಗುರುಗಳನ್ನು ಕೇಳಲಿ. ಪ್ರಶ್ನೆ ಕೇಳುವ ಮಗು ವಾಕ್ಯವನ್ನು ಗಮನವಿಟ್ಟು ಓದಿದೆ. ಹಾಗೆ ಓದಿದ್ದರಿಂದಲೇ ಜೆರೋಮರು ಸಂತರಾದರು.